ರ‍್ಯಾಪ್ ಗೀತವೂ ಅರ್ಧಜರತೀಯ ನ್ಯಾಯವೂ

೧. ವಿಷಯಪ್ರವೇಶ

ಕಳೆದ ವರ್ಷ ಅಲಂಕಾರಶಾಸ್ತ್ರದ ಪಾಠದಲ್ಲಿ ಕವಿನಿಬದ್ಧವಕ್ತೃವೆಂಬ ವಿಷಯವು ಬಂದಿತ್ತು. ಕವಿಯು ತಾನಾಗಿ ಆಡುವ ಮಾತು ಬೇರೆ, ತಾನು ಕಲ್ಪಿಸಿದ ಪಾತ್ರದ ಬಾಯಿಂದ ಆಡಿಸುವ ಮಾತು ಬೇರೆ ಎಂದು ಈ ಲೇಖಕನು ವಿವರಿಸುತ್ತಿರಲು, ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, "ಹಾಗಾದರೆ, ಗುರುಗಳೇ, ಅಮೇರಿಕ ದೇಶದಲ್ಲಿ ರ‍್ಯಾಪ್ ಕಟ್ಟುವವರ ಹಾಡುಗಳನ್ನು ಕೋರ್ಟಿನಲ್ಲಿ ಓದಿ ಅವರನ್ನು ಸೆರೆಮನೆಗೆ ಕಳುಹಿಸುತ್ತಾರಂತೆ. ಅದು ನ್ಯಾಯವೇ?" ಎಂದು ಕೇಳಿದನು. ಆ ಬಗೆಯ ಗೀತಗಳ ವಿಷಯದಲ್ಲಿ ಅಂದಿನವರೆಗೆ ಈ ಲೇಖಕನಿಗಿದ್ದ ಪರಿಚಯವು ಬೀದಿಯಲ್ಲಿ ಹೋಗುವ ಕಾರುಗಳಿಂದ ಕಿವಿಗೆ ಬೀಳುವ ಗದ್ದಲವಷ್ಟೇ. ಉತ್ತರವು ತೋಚಲಿಲ್ಲ. ವಿಚಾರಿಸಿ ಹೇಳುವೆನೆಂದು ಮಾತು ಕೊಡಬೇಕಾಯಿತು. ಆ ಮಾತನ್ನು ಸಲ್ಲಿಸುವ ಪ್ರಯತ್ನವೇ ಪ್ರಕೃತ ಲೇಖನವು.

ರ‍್ಯಾಪ್ ಗೀತವೂ ಅದನ್ನು ಒಳಗೊಂಡ ಹಿಪ್ ಹಾಪ್ ಎಂಬ ಕಲಾಸಮುದಾಯವೂ ಸಮಾಜದ ಮೇಲೆ ಮಾಡಿರುವ ಪರಿಣಾಮವು ಒಳ್ಳೆಯದೋ ಕೆಟ್ಟುದೋ ಎಂಬ ಚರ್ಚೆಯು ಆ ದೇಶದಲ್ಲಿ ನಾಲ್ಕು ದಶಕಗಳಿಂದಲೂ ನಡೆದುಬಂದಿದೆ. ಈ ಲೇಖನದಲ್ಲಿ ಮೊದಲು ಆ ಗೀತದ ಉತ್ಪತ್ತಿಯನ್ನೂ, ಅನಂತರ ಅದರ ಮೇಲೆ ಹೊರಿಸಿದ ದೋಷಗಳನ್ನೂ, ಕಡೆಗೆ ಸಮಾಜವು ಅದನ್ನು ಓದಿಕೊಂಡ ಬಗೆಯನ್ನೂ ಪರಿಶೀಲಿಸುವೆವು. ಗೀತವು ಸಮಾಜವನ್ನು ಕೆಡಿಸಿತೇ ಎಂಬ ಪ್ರಶ್ನೆಗಿಂತ, ಸಮಾಜವು ಗೀತವನ್ನು ಸರಿಯಾಗಿ ಓದಿತೇ ಎಂಬ ಪ್ರಶ್ನೆಯೇ ಮುಖ್ಯವಾದುದೆಂದು ಈ ಲೇಖಕನಿಗೆ ತೋರುವುದು.

೨. ಉತ್ಪತ್ತಿಸ್ಥಾನ

ನ್ಯೂಯಾರ್ಕ್ ಪಟ್ಟಣದ ಐದು ವಿಭಾಗಗಳಲ್ಲಿ ಉತ್ತರದ ಕಡೆಯದು ಬ್ರಾಂಕ್ಸ್. ೧೯೪೮ರಲ್ಲಿ ಅದರ ನಟ್ಟನಡುವೆ ಒಂದು ಹೆದ್ದಾರಿಯನ್ನು ತೆಗೆಯಲು ಮೊದಲಿಟ್ಟರು. ರಾಬರ್ಟ್ ಮೋಸಸ್ ಎಂಬ ಪ್ರಬಲನಾದ ಅಧಿಕಾರಿಯು ಇದಕ್ಕೆ ಸೂತ್ರಧಾರನು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಎದ್ದುವು. ಅನುಕೂಲವುಳ್ಳವರು ಊರ ಹೊರಗಿನ ಬಡಾವಣೆಗಳಿಗೆ ಹೋದರು. ಹೋಗಲಾರದೆ ಉಳಿದವರಲ್ಲಿ ಹೆಚ್ಚಿನವರು ನೀಗ್ರೋ ಜನಾಂಗದವರು (ಈಗ ಆ ಹೆಸರನ್ನು ಅವರು ಒಪ್ಪುವುದಿಲ್ಲವಾದುದರಿಂದ ಮುಂದೆ ಆಫ್ರಿಕನ್ ಅಮೇರಿಕನರೆಂದೇ ಬರೆಯುವೆವು), ಪೋರ್ಟೊ ರೀಕೋ ದ್ವೀಪದಿಂದ ಬಂದವರು, ಮತ್ತು ಕೆರಿಬಿಯನ್ ದ್ವೀಪಗಳ ವಲಸೆಗಾರರು. ಕಾರ್ಖಾನೆಗಳು ಮುಚ್ಚಿ ಕೆಲಸಗಳು ತಪ್ಪಿದುವು. ಬಾಡಿಗೆಯಿಂದ ಬರುವ ಹಣಕ್ಕಿಂತ ವಿಮೆಯ ಹಣವೇ ಲಾಭಕರವೆಂದು ಕಂಡ ಕೆಲವು ಮನೆಯ ಒಡೆಯರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಹಚ್ಚಿಸಿದರು. ಅದೇ ಕಾಲದಲ್ಲಿ ಪಟ್ಟಣದ ಆಡಳಿತವು ಖರ್ಚನ್ನು ಕಡಿಮೆ ಮಾಡುವ ನೆವದಿಂದ ಅಗ್ನಿಶಾಮಕ ದಳಗಳನ್ನು ಮುಚ್ಚಿತು. ೧೯೭೦ರ ಜನಗಣತಿಯಲ್ಲಿ ಸುಮಾರು ೧೪ ಲಕ್ಷ ೭೦ ಸಾವಿರವಾಗಿದ್ದ ಬ್ರಾಂಕ್ಸಿನ ಜನಸಂಖ್ಯೆಯು ೧೯೮೦ರಲ್ಲಿ ಸುಮಾರು ೧೧ ಲಕ್ಷ ೭೦ ಸಾವಿರಕ್ಕೆ ಇಳಿಯಿತು. ಯುದ್ಧವಿಲ್ಲದೆ, ಕ್ಷಾಮವಿಲ್ಲದೆ, ಲೋಕದ ಅತ್ಯಂತ ಶ್ರೀಮಂತ ಪಟ್ಟಣವೊಂದರಲ್ಲಿ ಹತ್ತು ವರ್ಷಗಳೊಳಗೆ ಮೂರು ಲಕ್ಷ ಜನರು ಕಡಿಮೆಯಾದರು.

ಇಂತಹ ಸ್ಥಳದಲ್ಲಿ ತರುಣರು ಗುಂಪುಗಳನ್ನು ಕಟ್ಟಿಕೊಂಡು ಒಬ್ಬರನ್ನೊಬ್ಬರು ಬಡಿಯುತ್ತಿದ್ದುದು ಆಶ್ಚರ್ಯವಲ್ಲ. ಆಶ್ಚರ್ಯವು ೧೯೭೧ರ ಡಿಸೆಂಬರ್ ತಿಂಗಳಲ್ಲಿ ನಡೆದುದು. 'ಘೆಟ್ಟೋ ಬ್ರದರ್ಸ್' ಎಂಬ ಗುಂಪಿನ ಕಾರ್ನೆಲ್ ಬೆಂಜಮಿನ್ ಎಂಬ ತರುಣನು ಬೇರೆ ಎರಡು ಗುಂಪುಗಳ ಜಗಳವನ್ನು ಬಿಡಿಸಲೆಂದು ಬರಿಗೈಯಲ್ಲಿ ಹೋಗಿ ಅವರಿಂದ ಹತನಾದನು. ಪ್ರತೀಕಾರವು ನಡೆದೇ ತೀರುವುದೆಂದು ಊರೆಲ್ಲ ಎಣಿಸಿದ್ದಾಗ, ಅವನ ಗುಂಪಿನವರು ಪ್ರತೀಕಾರವನ್ನು ಬಿಟ್ಟು ಸಂಧಿಯನ್ನು ಆರಿಸಿಕೊಂಡರು. ಡಿಸೆಂಬರ್ ೮ರಂದು ಹೋ ಅವೆನ್ಯೂ ಎಂಬಲ್ಲಿನ ಬಾಲಕರ ಕ್ಲಬ್ಬಿನಲ್ಲಿ ಗುಂಪುಗಳ ನಾಯಕರೆಲ್ಲರೂ ಸೇರಿ ಶಾಂತಿಗೆ ಒಪ್ಪಿದರು. ಈ ಸಂಧಿಯು ಪೂರ್ಣವಾಗಿ ನಿಲ್ಲಲಿಲ್ಲ. ಆದರೂ ಒಂದು ಬೀದಿಯ ಹುಡುಗನು ಇನ್ನೊಂದು ಬೀದಿಯ ಕುಣಿತಕ್ಕೆ ಜೀವಭಯವಿಲ್ಲದೆ ಹೋಗುವುದು ಇದರಿಂದ ಸಾಧ್ಯವಾಯಿತೆಂದು ಈ ಕಲೆಯ ಇತಿಹಾಸಕಾರರು ಹೇಳುವರು. ಹಿಪ್ ಹಾಪಿನ ಪೂರ್ವಕಥೆಯು ಒಬ್ಬ ಮಧ್ಯಸ್ಥನ ಮರಣದಿಂದಲೂ ಒಂದು ಸಂಧಿಯಿಂದಲೂ ಆರಂಭವಾಗುವುದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇದಾದ ಎರಡು ವರ್ಷಗಳ ಮೇಲೆ, ೧೯೭೩ನೆಯ ಆಗಸ್ಟ್ ೧೧ರಂದು, ಸೆಜ್ವಿಕ್ ಅವೆನ್ಯೂವಿನ ೧೫೨೦ನೆಯ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಯು ಒಂದು ಕೂಟವನ್ನು ಏರ್ಪಡಿಸಿದಳು. ಶಾಲೆಯು ತೆರೆಯುವ ಮುನ್ನ ಹೊಸ ಬಟ್ಟೆಗಳನ್ನು ಕೊಳ್ಳಲು ಹಣ ಬೇಕಾಗಿತ್ತು. ಆದುದರಿಂದ ಪ್ರವೇಶಕ್ಕೆ ಅಲ್ಪ ದರವನ್ನಿಟ್ಟಳು. ಸಂಗೀತದ ಭಾರವನ್ನು ಅವಳ ಅಣ್ಣ ಕ್ಲೈವ್ ವಹಿಸಿದನು. ಜಮೇಯಿಕ ದ್ವೀಪದಲ್ಲಿ ಹುಟ್ಟಿ ೧೯೬೭ರಲ್ಲಿ ಬ್ರಾಂಕ್ಸಿಗೆ ಬಂದ ಈತನು 'ಕೂಲ್ ಹರ್ಕ್' ಎಂಬ ಹೆಸರಿನಿಂದ ಪ್ರಸಿದ್ಧನು. ಹಾಡಿನ ನಡುವೆ ಗಾಯನವು ನಿಂತು ತಾಳವಾದ್ಯಗಳು ಮಾತ್ರ ನುಡಿಯುವ ಭಾಗಕ್ಕೆ ಕುಣಿಯುವವರು ಹೆಚ್ಚು ಉತ್ಸಾಹಗೊಳ್ಳುವುದನ್ನು ಈತನು ಗಮನಿಸಿದ್ದನು. ಆ ಭಾಗವಾದರೋ ಕೆಲವೇ ಕ್ಷಣಗಳಲ್ಲಿ ಮುಗಿಯುವುದು. ಒಂದೇ ಗ್ರಾಮಫೋನ್ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗವು ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ನುಡಿಸಿ, ಕ್ಷಣಿಕವಾದುದನ್ನು ಬೇಕಾದಷ್ಟು ಹೊತ್ತು ನಿಲ್ಲಿಸುವ ಉಪಾಯವನ್ನು ಈತನು ಬಳಕೆಗೆ ತಂದನು. ಆ ತಾಳದ ಮೇಲೆ ಅವನ ಗೆಳೆಯ ಕೋಕ್ ಲಾ ರಾಕ್ ಎಂಬವನು ನೆರೆದವರ ಹೆಸರುಗಳನ್ನು ಕರೆಯುತ್ತ, ಹುರಿದುಂಬಿಸುತ್ತ, ಚುಟುಕು ಮಾತುಗಳನ್ನು ಆಡುತ್ತಿದ್ದನು. ಈ ಮಾತೇ ಮುಂದೆ ಬೆಳೆದು ರ‍್ಯಾಪ್ ಆಯಿತು.

ಹಿಪ್ ಹಾಪ್ ಎಂಬುದಕ್ಕೆ ನಾಲ್ಕು ಅಂಗಗಳನ್ನು ಹೇಳುವುದು ರೂಢಿ: ತಟ್ಟೆಗಳನ್ನು ನುಡಿಸುವುದು, ಪ್ರಾಸಬದ್ಧವಾಗಿ ಮಾತನಾಡುವುದು, ನೆಲದ ಮೇಲೆ ತಿರುಗಿ ಕುಣಿಯುವುದು, ಗೋಡೆಗಳ ಮೇಲೆ ಬಣ್ಣದಿಂದ ಬರೆಯುವುದು. ಇವುಗಳಲ್ಲಿ ವಾಚಿಕಾಂಗವಾದ ರ‍್ಯಾಪ್ ಒಂದೇ ಪ್ರಕೃತಕ್ಕೆ ಸಂಬಂಧಪಟ್ಟುದು.

೩. ಗೀತದ ಸ್ವರೂಪ

ಸಾಹಿತ್ಯವನ್ನು ಬೋಧಿಸುವವರು ಮೊದಲು ಕೇಳುವ ಪ್ರಶ್ನೆಯು, ಇದು ಪದ್ಯವೋ ಗದ್ಯವೋ ಎಂಬುದು. ರ‍್ಯಾಪ್ ನಿಶ್ಚಯವಾಗಿಯೂ ಪದ್ಯವೇ. ಅದರ ಪಾದವು ನಾಲ್ಕು ಪೆಟ್ಟುಗಳ ಒಂದು ತಾಳಾವರ್ತಕ್ಕೆ ಕಟ್ಟುಬಿದ್ದಿದೆ. ಪೆಟ್ಟುಗಳ ನಡುವೆ ಎಷ್ಟು ಅಕ್ಷರಗಳನ್ನು ತುಂಬಬೇಕೆಂಬುದು ಹಾಡುವವನ ಸ್ವಾತಂತ್ರ್ಯಕ್ಕೆ ಬಿಟ್ಟಿದ್ದು. ಈ ವಿಷಯದಲ್ಲಿ ಅದು ನಮ್ಮ ಅಕ್ಷರವೃತ್ತಗಳಿಗಿಂತ ತಾಳಕ್ಕೆ ಹೊಂದುವ ಅಂಶಗಣದ ಹಾಡುಗಬ್ಬಗಳಿಗೆ ಸಮೀಪವಾದುದು. ಕನ್ನಡದ ಪ್ರಾಚೀನ ಪದ್ಯಗಳಲ್ಲಿ ಪ್ರಾಸವು ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುವುದು. ರ‍್ಯಾಪಿನಲ್ಲಿ ಅದು ಪ್ರಾಯಶಃ ಪಾದಾಂತದಲ್ಲಿ ಬರುವುದು. ೧೯೮೦ರ ದಶಕದ ಕಡೆಯಲ್ಲಿ ರಾಕಿಂ ಎಂಬ ಕವಿಯು ಪಾದದ ನಡುವೆಯೂ ಅನೇಕಾಕ್ಷರಗಳ ಪ್ರಾಸವನ್ನು ಹೆಣೆದು, ಒಂದು ಪಾದದ ವಾಕ್ಯವನ್ನು ಇನ್ನೊಂದು ಪಾದಕ್ಕೆ ಹರಿಯಬಿಟ್ಟು, ಈ ರಚನೆಗೆ ಪ್ರೌಢತೆಯನ್ನು ತಂದನೆಂಬುದು ಬಲ್ಲವರ ಮತವು.

ಇದರ ವಿಷಯವಾದರೋ ಬಹುಭಾಗ ಆತ್ಮಶ್ಲಾಘನೆ ಮತ್ತು ಪರನಿಂದೆ. ಇದು ಕೇಳುವವರಿಗೆ ಅಹಂಕಾರವೆಂದು ತೋರುವುದು. ಆದರೆ ಆಫ್ರಿಕನ್ ಅಮೇರಿಕನರಲ್ಲಿ ಪರಸ್ಪರ ನಿಂದಾವಾದವು ಒಂದು ಹಳೆಯ ವಾಗ್ವಿನೋದವು. ಇಬ್ಬರು ಎದುರುಬದುರಾಗಿ ನಿಂತು ಒಬ್ಬನ ಮನೆತನವನ್ನು ಇನ್ನೊಬ್ಬನು ಪ್ರಾಸಬದ್ಧವಾಗಿ ಹೀಯಾಳಿಸುವರು. ಕೋಪಗೊಂಡು ಕೈ ಎತ್ತಿದವನು ಸೋತನು. ವಿದ್ವಾಂಸರು ೧೯೬೦ರ ದಶಕದಲ್ಲಿಯೇ ಇದನ್ನು ಸಂಗ್ರಹಿಸಿ ಅಭ್ಯಸಿಸಿದ್ದಾರೆ. ಬ್ರಾಂಕ್ಸಿನ ತರುಣರು ಕೈಯ ಕಲಹವನ್ನು ಬಾಯಿಯ ಕಲಹವನ್ನಾಗಿ ಮಾಡಿಕೊಂಡುದು ಈ ಪರಂಪರೆಯ ಬಲದಿಂದ. ಇದನ್ನರಿಯದವನು ಅಲ್ಲಿ ಆಡಿದ ಮಾತನ್ನೆಲ್ಲ ವಾಚ್ಯಾರ್ಥದಲ್ಲಿಯೇ ಹಿಡಿಯುವನು. ಮುಂದೆ ಬಂದ ಅನರ್ಥಗಳಿಗೆ ಈ ಅಜ್ಞಾನವೇ ಬೀಜವೆಂಬುದನ್ನು ಕಾಣುವೆವು.

೪. ಬೀದಿಯಿಂದ ಅಂಗಡಿಗೆ

ಆರು ವರ್ಷಗಳ ಕಾಲ ಈ ಕಲೆಯು ಉದ್ಯಾನಗಳಲ್ಲಿಯೂ ಕಟ್ಟಡಗಳ ಕೆಳಮನೆಗಳಲ್ಲಿಯೂ ಉಳಿದಿತ್ತು. ೧೯೭೯ರಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬ ಮಹಿಳೆಯು ಮೂವರು ತರುಣರನ್ನು ಸೇರಿಸಿ 'ರ‍್ಯಾಪರ್ಸ್ ಡಿಲೈಟ್' ಎಂಬ ಗೀತವನ್ನು ಮುದ್ರಿಸಿದಳು. ಅದು ದೇಶದಲ್ಲೆಲ್ಲ ಪ್ರಚಾರವಾಯಿತು. ಅದರಲ್ಲಿನ ಕೆಲವು ಪಂಕ್ತಿಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬವನ ರಚನೆಗಳಾಗಿದ್ದರೂ ಆತನ ಹೆಸರು ಅದರಲ್ಲಿ ಬರಲಿಲ್ಲ. ಬೀದಿಯ ಕವಿತೆಯು ಅಂಗಡಿಯ ಪದಾರ್ಥವಾದ ಮೊದಲ ದಿನವೇ ಕವಿಯ ಹೆಸರು ಅಳಿಸಿಹೋದುದು ಗಮನಾರ್ಹವು.

೧೯೮೨ರಲ್ಲಿ ಹೊರಬಂದ 'ದಿ ಮೆಸೇಜ್' ಎಂಬುದು ಇನ್ನೊಂದು ಮಜಲು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಅವನ ಸಂಗಡಿಗರ ಹೆಸರಿನಲ್ಲಿ ಪ್ರಕಟವಾದ ಈ ಗೀತವನ್ನು ಮುಖ್ಯವಾಗಿ ಎಡ್ ಫ್ಲೆಚರ್ ಮತ್ತು ಮೆಲ್ಲಿ ಮೆಲ್ ಎಂಬವರು ಕಟ್ಟಿದರು. ಅಲ್ಲಿಯವರೆಗೆ ಉತ್ಸವದ ಮಾತಾಗಿದ್ದ ರ‍್ಯಾಪ್ ಇದರಲ್ಲಿ ಮೊದಲ ಬಾರಿಗೆ ವ್ಯಾಪಕವಾಗಿ ತಾನು ಹುಟ್ಟಿದ ಸ್ಥಳದ ವರ್ಣನೆಗೆ ತೊಡಗಿತು: ಹೊಲಸು ಬೀದಿಗಳು, ಸಾಲಗಾರರು, ಶಾಲೆ ಬಿಟ್ಟ ಹುಡುಗ, ಸೆರೆಮನೆ, ಸಾವು. ಉತ್ಸವದ ತಾಳದಲ್ಲಿಯೇ ಶೋಕವನ್ನು ಹೇಳುವ ಈ ಕ್ರಮವು ಮುಂದಿನವರಿಗೆ ಮಾದರಿಯಾಯಿತು. ಅಮೇರಿಕದ ಕಾಂಗ್ರೆಸ್ ಗ್ರಂಥಾಲಯವು ರಾಷ್ಟ್ರದ ಸ್ಮರಣಾರ್ಹ ಧ್ವನಿಮುದ್ರಣಗಳ ಪಟ್ಟಿಯನ್ನು ೨೦೦೨ರಲ್ಲಿ ಆರಂಭಿಸಿದಾಗ, ಮೊದಲ ವರ್ಷದಲ್ಲಿಯೇ ಇದನ್ನು ಸೇರಿಸಿಕೊಂಡಿತು.

೫. ಪೂರ್ವಪಕ್ಷ

ಇನ್ನು ಈ ಗೀತದ ಮೇಲೆ ಹೊರಿಸಿದ ದೋಷಗಳು ಮೂರು: ಅಶ್ಲೀಲತೆ, ಸ್ತ್ರೀನಿಂದೆ, ಹಿಂಸೆಯ ಪ್ರಶಂಸೆ. ಇವು ನಿರಾಧಾರವಾದ ಅಪವಾದಗಳೆಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಅಪವಾದವನ್ನು ಹೊರಿಸಿದವರೆಲ್ಲರೂ ಬಿಳಿಯರೂ ಅಲ್ಲ. ೧೯೯೩ರಲ್ಲಿ ಹಾರ್ಲೆಮಿನ ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಗಳೂ ಆಫ್ರಿಕನ್ ಅಮೇರಿಕನರಲ್ಲಿ ಗಣ್ಯರೂ ಆಗಿದ್ದ ಕಾಲ್ವಿನ್ ಬಟ್ಸ್ ಅವರು ಇಂತಹ ಹಾಡುಗಳ ಮುದ್ರಿಕೆಗಳನ್ನು ರಸ್ತೆಯ ರೋಲರಿನ ಕೆಳಗೆ ಹಾಕಿಸಿ ಪುಡಿಮಾಡಲು ಹೊರಟರು. ಅದೇ ಜನಾಂಗದ ತರುಣರು ಅಡ್ಡನಿಂತು ತಡೆದರು.

ಅಶ್ಲೀಲತೆಯ ವಿಷಯವು ನ್ಯಾಯಸ್ಥಾನದಲ್ಲಿಯೇ ವಿಚಾರಣೆಗೆ ಬಂದಿತು. ೧೯೯೦ರ ಜೂನ್ ತಿಂಗಳಲ್ಲಿ ಫ್ಲಾರಿಡಾ ಪ್ರಾಂತದ ಒಬ್ಬ ಫೆಡರಲ್ ನ್ಯಾಯಾಧೀಶನು 'ಟು ಲೈವ್ ಕ್ರ್ಯೂ' ಎಂಬ ತಂಡದ ಒಂದು ಗೀತಸಂಪುಟವನ್ನು ಅಶ್ಲೀಲವೆಂದು ತೀರ್ಮಾನಿಸಿದನು. ಅದನ್ನು ಮಾರಿದ ಅಂಗಡಿಯವನನ್ನೂ ಹಾಡಿದವರನ್ನೂ ಬಂಧಿಸಿದರು. ಹಾಡಿದವರ ವಿಚಾರಣೆಯಲ್ಲಿ ಹೆನ್ರಿ ಲೂಯಿಸ್ ಗೇಟ್ಸ್ ಎಂಬ ಸಾಹಿತ್ಯವಿದ್ವಾಂಸರು ಸಾಕ್ಷಿಯಾಗಿ ಬಂದು, ಮೇಲೆ ಹೇಳಿದ ನಿಂದಾವಾದದ ಪರಂಪರೆಯನ್ನು ಜ್ಯೂರಿಯವರಿಗೆ ವಿವರಿಸಿದರು. ಅಕ್ಟೋಬರಿನಲ್ಲಿ ಜ್ಯೂರಿಯವರು ಹಾಡುಗಾರರನ್ನು ನಿರ್ದೋಷಿಗಳೆಂದರು. ಸಂಪುಟವನ್ನು ಕುರಿತ ತೀರ್ಮಾನವೂ ೧೯೯೨ರಲ್ಲಿ ಮೇಲಿನ ಕೋರ್ಟಿನಲ್ಲಿ ರದ್ದಾಯಿತು. ನಮ್ಮ ಆಲಂಕಾರಿಕರೂ ವ್ರೀಡೆ, ಜುಗುಪ್ಸೆ, ಅಮಂಗಳ ಎಂಬಿವುಗಳನ್ನು ಸೂಚಿಸುವ ಮೂರು ಬಗೆಯ ಅಶ್ಲೀಲವನ್ನು ದೋಷವೆಂದು ಎಣಿಸಿ, ಸಂದರ್ಭವಿಶೇಷದಲ್ಲಿ ಅದೇ ಗುಣವಾಗುವುದೆಂದೂ ಹೇಳಿದ್ದಾರೆ. ದೋಷವು ನಿತ್ಯವಲ್ಲ, ವಕ್ತೃ ಮತ್ತು ಪ್ರಕರಣಗಳಿಗೆ ಅಧೀನವಾದುದು, ಎಂಬ ಮಮ್ಮಟನ ಪಾಠವು ಫ್ಲಾರಿಡಾದ ಜ್ಯೂರಿಯವರಿಗೂ ಹೊಳೆದುದು ಸಂತೋಷಕರವು. ಇದರಿಂದ ಆ ಸಂಪುಟವು ಸತ್ಕಾವ್ಯವಾಗಲಿಲ್ಲ, ದಂಡನಾರ್ಹವಲ್ಲವೆಂದಾಯಿತು, ಅಷ್ಟೇ.

ಸ್ತ್ರೀನಿಂದೆಗೆ ಇಷ್ಟು ಸುಲಭವಾದ ಸಮಾಧಾನವಿಲ್ಲ. ಆದರೆ ಇದಕ್ಕೆ ಉತ್ತರವು ಆ ಪರಂಪರೆಯ ಒಳಗಿನಿಂದಲೇ ಬಂದಿತೆಂಬುದು ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ೧೯೮೪ರಲ್ಲಿ ಗಂಡಸರ ತಂಡವೊಂದು ತಮ್ಮನ್ನು ಲಕ್ಷಿಸದ ಹುಡುಗಿಯನ್ನು ಹಳಿದು ಹಾಡಲು, ರಾಕ್ಸಾನ್ ಶಾಂಟೆ ಎಂಬ ೧೪ ವರ್ಷದ ಬಾಲಿಕೆಯು ಅದೇ ತಾಳದಲ್ಲಿ ಪ್ರತ್ಯುತ್ತರವನ್ನು ಕಟ್ಟಿ ಅವರ ಬಾಯಿಕಟ್ಟಿದಳು. ೧೯೯೩ರಲ್ಲಿ ಕ್ವೀನ್ ಲತೀಫಾ ಎಂಬ ಕವಯಿತ್ರಿಯು ಹೆಂಗಸರನ್ನು ಬಯ್ಯುವ ಮಾತುಗಳನ್ನೇ ಹಿಡಿದು ಪ್ರಶ್ನಿಸುವ ಗೀತವನ್ನು ಹಾಡಿದಳು. ಅದಕ್ಕೆ ೧೯೯೫ರಲ್ಲಿ ಗ್ರ್ಯಾಮಿ ಪ್ರಶಸ್ತಿಯು ದೊರೆಯಿತು. ೨೦೦೪ರಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರು, ನೆಲ್ಲಿ ಎಂಬ ಹಾಡುಗಾರನು ಧರ್ಮಕಾರ್ಯಕ್ಕಾಗಿ ತಮ್ಮಲ್ಲಿಗೆ ಬರುವ ಮುನ್ನ ತನ್ನ ಒಂದು ಅಸಭ್ಯ ಚಿತ್ರದ ವಿಷಯದಲ್ಲಿ ತಮಗೆ ಉತ್ತರ ಹೇಳಬೇಕೆಂದರು. ಆ ಕಾರ್ಯಕ್ರಮವೇ ನಿಂತುಹೋಯಿತು. ದೋಷವು ದೊಡ್ಡದು, ಅದನ್ನು ಖಂಡಿಸಿದವರೂ ಆ ಗೀತವನ್ನು ಪ್ರೀತಿಸಿದ ಹೆಂಗಸರೇ.

ಹಿಂಸೆಯ ಪ್ರಶಂಸೆಯೇ ಎಲ್ಲಕ್ಕಿಂತ ಬಲವಾದ ಆಕ್ಷೇಪವು. ೧೯೯೬ರ ಸೆಪ್ಟೆಂಬರಿನಲ್ಲಿ ಟೂಪಾಕ್ ಶಕೂರ್ ೨೫ನೆಯ ವಯಸ್ಸಿನಲ್ಲಿಯೂ, ೧೯೯೭ರ ಮಾರ್ಚಿನಲ್ಲಿ ಅವನ ಪ್ರತಿಸ್ಪರ್ಧಿಯಾಗಿದ್ದ ನಟೋರಿಯಸ್ ಬಿ. ಐ. ಜಿ. ೨೪ನೆಯ ವಯಸ್ಸಿನಲ್ಲಿಯೂ ಗುಂಡಿಗೆ ಬಲಿಯಾದಾಗ, ಪದ್ಯದ ವೈರವು ಪದ್ಯದಲ್ಲಿಯೇ ನಿಲ್ಲುವುದೆಂಬ ನಂಬಿಕೆಯು ಅನೇಕರಲ್ಲಿ ಕದಲಿತು. ಆದರೆ ಅಂತಹ ಗೀತಗಳನ್ನು ಹೆಚ್ಚಿಸಿದವರು ಯಾರೆಂಬುದನ್ನೂ ಕೇಳಬೇಕು. ೧೯೯೧ರ ಮೇ ತಿಂಗಳಲ್ಲಿ ಅಂಗಡಿಗಳ ಮಾರಾಟವನ್ನು ಯಂತ್ರದಿಂದ ನಿಖರವಾಗಿ ಎಣಿಸುವ ಪದ್ಧತಿಯು ಬಂದಿತು. ಮುಂದಿನ ತಿಂಗಳೇ ಎನ್. ಡಬ್ಲ್ಯೂ. ಎ. ಎಂಬ ತಂಡದ ಅತಿ ಕ್ರೂರವಾದ ಸಂಪುಟವು ಮಾರಾಟದಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಯಾವುದು ಮಾರುವುದೋ ಅದನ್ನೇ ವರ್ತಕರು ಬೇಡಿದರು. ೧೯೮೯ರಲ್ಲಿ ನ್ಯೂಯಾರ್ಕಿನ ಹಲವು ಕವಿಗಳು ಒಟ್ಟುಗೂಡಿ ಹಿಂಸೆಯನ್ನು ನಿಲ್ಲಿಸಬೇಕೆಂದು 'ಸೆಲ್ಫ್ ಡಿಸ್ಟ್ರಕ್ಷನ್' ಎಂಬ ಗೀತವನ್ನು ಹಾಡಿ ಅದರ ಆದಾಯವನ್ನು ಜನಸೇವೆಯ ಸಂಸ್ಥೆಗೆ ಒಪ್ಪಿಸಿದ್ದರು. ಆ ಬಗೆಯ ಗೀತಗಳ ಮೇಲೆ ವರ್ತಕರಿಗೆ ಅಷ್ಟು ಆದರವು ಹುಟ್ಟಲಿಲ್ಲ.

೬. ಕಾರಣವಿಚಾರ

ಗೀತವು ಹಿಂಸೆಗೆ ಕಾರಣವೇ? ಕಾರಣತ್ವವನ್ನು ನಿಶ್ಚಯಿಸಲು ತಾರ್ಕಿಕರು ಅನ್ವಯವ್ಯತಿರೇಕಗಳನ್ನು ಹೇಳುವರು. ಯಾವುದಿದ್ದರೆ ಕಾರ್ಯವುಂಟೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ, ಅದು ಕಾರಣ. ಬ್ರಾಂಕ್ಸಿನ ಕೊಲೆಗಳೂ ಬೆಂಕಿಗಳೂ ರ‍್ಯಾಪಿಗಿಂತ ಹಿಂದಿನವು. ಆದುದರಿಂದ ಕಾರಣವಿಲ್ಲದೆಯೂ ಕಾರ್ಯವಿತ್ತು. ಇತ್ತ ೧೯೯೧ರಲ್ಲಿ ಅಮೇರಿಕದಲ್ಲಿ ಲಕ್ಷ ಜನರಿಗೆ ೯.೮ರಂತೆ ಇದ್ದ ಕೊಲೆಗಳ ಪ್ರಮಾಣವು ೨೦೧೪ರ ವೇಳೆಗೆ ಸುಮಾರು ನಾಲ್ಕೂವರೆಗೆ ಇಳಿಯಿತು. ಇದೇ ಅವಧಿಯಲ್ಲಿ ರ‍್ಯಾಪ್ ದೇಶವನ್ನೆಲ್ಲ ವ್ಯಾಪಿಸಿತು. ಕಾರಣವು ಬೆಳೆದಂತೆ ಕಾರ್ಯವು ಕುಗ್ಗಿತೆಂದರೆ ಯಾವ ತಾರ್ಕಿಕನು ಒಪ್ಪುವನು? ಗೀತದಿಂದಲೇ ಕೊಲೆಗಳು ಕಡಿಮೆಯಾದುವೆಂದು ಹೇಳುವುದೂ ಅಷ್ಟೇ ಅಸಂಗತವು, ಅದು ಕಾಕತಾಲೀಯವಾದೀತು. ಕುಂಬಾರನ ಮನೆಗೆ ಮಣ್ಣು ಹೊತ್ತ ಕತ್ತೆಯು ಮಡಕೆಯ ಹತ್ತಿರವೇ ನಿಂತಿದ್ದರೂ ಮಡಕೆಗೆ ಕಾರಣವಲ್ಲ, ಅನ್ಯಥಾಸಿದ್ಧ. ಬಡತನದ ಮಣ್ಣನ್ನು ಹೊತ್ತು ತಂದ ಗೀತವನ್ನು ಆ ಮಣ್ಣಿನ ಮಡಕೆಗೆ ಕಾರಣವೆಂದವರು ಈ ಭೇದವನ್ನು ಮರೆತರು.

ಗೀತಕ್ಕೆ ಯಾವ ಪರಿಣಾಮವೂ ಇಲ್ಲವೆಂದು ಇದರ ತಾತ್ಪರ್ಯವಲ್ಲ. ೨೦೧೦ರ ಕಡೆಯಲ್ಲಿ ಟ್ಯುನೀಸಿಯ ದೇಶದಲ್ಲಿ 'ಎಲ್ ಜೆನೆರಾಲ್' ಎಂಬ ತರುಣನು ರಾಷ್ಟ್ರಾಧ್ಯಕ್ಷನನ್ನೇ ಸಂಬೋಧಿಸಿ ಜನರ ಕಷ್ಟವನ್ನು ಹಾಡಿದನು. ೨೦೧೧ರ ಜನವರಿ ಮೊದಲಲ್ಲಿ ಅವನನ್ನು ಬಂಧಿಸಿದರು; ಕೆಲವೇ ದಿನಗಳಲ್ಲಿ ಬಿಟ್ಟರು; ೧೪ರಂದು ಅಧ್ಯಕ್ಷನೇ ದೇಶ ಬಿಟ್ಟು ಹೋದನು. ಇರಾನ್ ದೇಶದಲ್ಲಿ ತೂಮಾಜ್ ಸಾಲೆಹಿ ಎಂಬ ರ‍್ಯಾಪ್ ಕವಿಗೆ ೨೦೨೪ರ ಏಪ್ರಿಲಿನಲ್ಲಿ ಮರಣದಂಡನೆಯು ವಿಧಿಸಲ್ಪಟ್ಟು, ಮೇಲಿನ ನ್ಯಾಯಾಲಯದಲ್ಲಿ ರದ್ದಾಗಿ, ಅದೇ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಬ್ರಾಂಕ್ಸಿನ ಕೆಳಮನೆಯಲ್ಲಿ ಹುಟ್ಟಿದ ಪದ್ಯಜಾತಿಯು ದೂರದೇಶಗಳಲ್ಲಿ ಮಾತಿಲ್ಲದವರಿಗೆ ಮಾತಾಯಿತೆಂಬುದು ಇದರ ಪರಿಣಾಮಗಳಲ್ಲಿ ದೊಡ್ಡದು.

೭. ಅರ್ಧಜರತೀಯ

ಈಗ ಮುಖ್ಯ ವಿಷಯಕ್ಕೆ ಬರೋಣ. ೧೯೮೮ರಲ್ಲಿ ಲಾಸ್ ಏಂಜಲೀಸ್ ಸಮೀಪದ ಕಾಂಪ್ಟನ್ ಎಂಬ ಊರಿನ ಎನ್. ಡಬ್ಲ್ಯೂ. ಎ. ತಂಡವು ಪೋಲೀಸರನ್ನು ಬಯ್ಯುವ ಒಂದು ಗೀತವನ್ನು ಹಾಡಿತು. ಅದರ ಹೆಸರನ್ನು ಇಲ್ಲಿ ಬರೆಯಲು ಲೇಖನಿಯು ಸಂಕೋಚಪಡುವುದು. ಆದರೆ ಅದರ ರಚನೆಯು ಗಮನಿಸತಕ್ಕುದು: ಅದು ಒಂದು ನ್ಯಾಯಸ್ಥಾನದ ರೂಪಕವು. ಒಬ್ಬನು ನ್ಯಾಯಾಧೀಶ, ಉಳಿದವರು ಸಾಕ್ಷಿಗಳು, ಅಪರಾಧಿಯ ಸ್ಥಾನದಲ್ಲಿ ಪೋಲೀಸಿನವನು. ಕರಿಯ ತರುಣರನ್ನು ಅಕಾರಣವಾಗಿ ತಡೆದು, ಶೋಧಿಸಿ, ಹೊಡೆಯುವರೆಂಬುದು ಸಾಕ್ಷಿಗಳ ದೂರು. ೧೯೮೯ರ ಆಗಸ್ಟಿನಲ್ಲಿ ಎಫ್. ಬಿ. ಐ. ಎಂಬ ಕೇಂದ್ರ ತನಿಖಾಸಂಸ್ಥೆಯ ಅಧಿಕಾರಿಯೊಬ್ಬನು ಈ ಗೀತವು ಪೋಲೀಸರ ಮೇಲೆ ಹಿಂಸೆಯನ್ನು ಪ್ರಚೋದಿಸುವುದೆಂದು ಮುದ್ರಿಸಿದ ಸಂಸ್ಥೆಗೆ ಆಕ್ಷೇಪದ ಪತ್ರವನ್ನು ಬರೆದನು. ಗೀತದಲ್ಲಿ ಹೇಳಿದ ದೂರು ನಿಜವೇ ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ೧೯೯೧ರ ಮಾರ್ಚಿನಲ್ಲಿ ರಾಡ್ನಿ ಕಿಂಗ್ ಎಂಬವನನ್ನು ಲಾಸ್ ಏಂಜಲೀಸಿನ ಪೋಲೀಸರು ಹೊಡೆದುದು ಚಲಚ್ಚಿತ್ರದಲ್ಲಿ ಸೆರೆಯಾಗಿ ಲೋಕವೆಲ್ಲ ಕಂಡಿತು. ಅದೇ ವರ್ಷದ ಜುಲೈಯಲ್ಲಿ, ಇದರ ವಿಚಾರಣೆಗೆ ನೇಮಕವಾದ ಸ್ವತಂತ್ರ ಸಮಿತಿಯು ಆ ಪೋಲೀಸು ಪಡೆಯಲ್ಲಿ ಮಿತಿಮೀರಿ ಬಲವನ್ನು ಪ್ರಯೋಗಿಸುವವರಿದ್ದಾರೆಂದು ವರದಿ ಮಾಡಿತು. ಮೂರು ವರ್ಷಗಳ ಹಿಂದೆ ಪದ್ಯವು ಹೇಳಿದ್ದುದನ್ನೇ ಸಮಿತಿಯು ಗದ್ಯದಲ್ಲಿ ಹೇಳಿತು. ಪದ್ಯದಲ್ಲಿದ್ದಾಗ ಅದು ಕವಿಯ ಅತಿಶಯೋಕ್ತಿಯೆನಿಸಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ವ್ಯವಹಾರವನ್ನಿಟ್ಟು ನೋಡಬೇಕು. ನ್ಯೂಜೆರ್ಸಿ ಪ್ರಾಂತದಲ್ಲಿ ೨೦೦೫ರಲ್ಲಿ ನಡೆದ ಒಂದು ಗುಂಡೇಟಿನ ಪ್ರಕರಣದಲ್ಲಿ ಸ್ಕಿನ್ನರ್ ಎಂಬವನು ಆಪಾದಿತನಾದನು. ಅವನು ಬರೆದಿಟ್ಟಿದ್ದ ೧೩ ಪುಟಗಳಷ್ಟು ರ‍್ಯಾಪ್ ಪದ್ಯಗಳನ್ನು ೨೦೦೮ರ ವಿಚಾರಣೆಯಲ್ಲಿ ಜ್ಯೂರಿಯವರ ಮುಂದೆ ಓದಿದರು. ಅವುಗಳಲ್ಲಿ ಕೆಲವು ಆ ಘಟನೆಗೆ ವರ್ಷಗಳ ಹಿಂದೆ ಬರೆದವು. ಅವನು ಕೊಲೆಯ ಪ್ರಯತ್ನದ ಅಪರಾಧಿಯೆಂದು ತೀರ್ಮಾನವಾಗಿ ೩೦ ವರ್ಷಗಳ ಸೆರೆಯಾಯಿತು. ೨೦೧೪ರ ಆಗಸ್ಟ್ ೪ರಂದು ಆ ಪ್ರಾಂತದ ಸುಪ್ರೀಂ ಕೋರ್ಟು, ಘಟನೆಗೂ ಪದ್ಯಕ್ಕೂ ಬಲವಾದ ಸಂಬಂಧವು ಸಿದ್ಧವಾಗದೆ ಪದ್ಯವನ್ನು ಸಾಕ್ಷ್ಯವಾಗಿ ಓದಕೂಡದೆಂದು ಏಕಾಭಿಪ್ರಾಯದಿಂದ ತೀರ್ಪಿತ್ತಿತು. ಶೆರಿಫನನ್ನು ಹೊಡೆದೆನೆಂದು ಹಾಡಿದ ಬಾಬ್ ಮಾರ್ಲಿಯನ್ನಾಗಲಿ, ಕೊಲೆಗಾರನ ಬಾಯಿಂದ ಕಥೆ ಹೇಳಿಸಿದ ಎಡ್ಗರ್ ಆಲನ್ ಪೋ ಎಂಬ ಲೇಖಕನನ್ನಾಗಲಿ ಯಾರೂ ಕೊಲೆಗಾರರೆಂದು ಭಾವಿಸುವುದಿಲ್ಲವೆಂದು ನ್ಯಾಯಾಧೀಶರು ನಿದರ್ಶನ ಕೊಟ್ಟರು.

ಪೋಲೀಸರ ಮೇಲೆ ದೂರನ್ನು ಹೇಳಿದಾಗ, ಅದು ಕೇವಲ ಕಾವ್ಯ, ಪ್ರಮಾಣವಲ್ಲ. 'ನಾನು ಹೊಡೆದೆನು' ಎಂಬ ಅರ್ಥದ ಮಾತು ಬಂದಾಗ, ಅದು ಕಾವ್ಯವೇ ಅಲ್ಲ, ತಪ್ಪೊಪ್ಪಿಗೆ. ಒಂದೇ ಜಾತಿಯ ಪದ್ಯದಲ್ಲಿ ತಮಗೆ ಬೇಡವಾದ ಭಾಗವನ್ನು ಕಲ್ಪನೆಯೆಂದು ಬಿಟ್ಟು, ಬೇಕಾದ ಭಾಗವನ್ನು ಸತ್ಯವೆಂದು ಹಿಡಿಯುವ ಈ ಕ್ರಮವನ್ನೇ ನಮ್ಮ ಶಾಸ್ತ್ರಗಳಲ್ಲಿ ಮಹಾಭಾಷ್ಯಕಾರನ ಕಾಲದಿಂದಲೂ ಅರ್ಧಜರತೀಯವೆಂದು ಹಳಿದಿರುವುದು. ಒಂದೇ ಕೋಳಿಯ ಅರ್ಧವನ್ನು ಅಡಿಗೆಗೂ ಅರ್ಧವನ್ನು ಮೊಟ್ಟೆಗೂ ಇಟ್ಟುಕೊಳ್ಳುವೆನೆಂಬುದೂ ಇದೇ ಬಗೆಯ ಮಾತು.

ಇದು ಕೇವಲ ತರ್ಕದಿಂದ ಊಹಿಸಿದುದಲ್ಲ. ಕ್ಯಾರೀ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞೆಯು ೧೯೯೬ರಲ್ಲಿ ಪ್ರಕಟಿಸಿದ ಪರೀಕ್ಷೆಯು ಪ್ರಸಿದ್ಧವಾಗಿದೆ. ಪೋಲೀಸಿನವನೊಬ್ಬನನ್ನು ಕೊಂದವನು 'ನಾನು' ಎಂದು ಹೇಳಿಕೊಳ್ಳುವ ೧೯೬೦ರ ಒಂದು ಹಳೆಯ ಜನಪದಶೈಲಿಯ ಹಾಡನ್ನು ಆರಿಸಿ, ಅದೇ ಪಾಠವನ್ನು ಕೆಲವರಿಗೆ ರ‍್ಯಾಪ್ ಎಂದೂ ಕೆಲವರಿಗೆ ಹಳ್ಳಿಯ ಹಾಡೆಂದೂ ಹೇಳಿ ಕೊಟ್ಟರು. ರ‍್ಯಾಪ್ ಎಂದು ತಿಳಿದವರಿಗೆ ಅದು ಹೆಚ್ಚು ಅಪಾಯಕರವೆಂದು ತೋರಿತು. ಹಾಡಿದವನು ಕರಿಯನೆಂದಾಗಲೂ ಹಾಗೆಯೇ. ಅಕ್ಷರವು ಒಂದೂ ಬದಲಾಗದೆ ಅರ್ಥವು ಬದಲಾಯಿತು. ದೋಷವು ಪಾಠದಲ್ಲಿರಲಿಲ್ಲ, ಓದಿದವರಲ್ಲಿತ್ತು.

೮. ಆಕ್ಷೇಪ, ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಏಳುವುದು. ರನ್ನನು ದುರ್ಯೋಧನನ ಬಾಯಿಂದ ಆಡಿಸಿದ ದರ್ಪದ ಮಾತಿಗೆ ರನ್ನನನ್ನು ಯಾರೂ ಹೊಣೆಮಾಡಲಿಲ್ಲ, ನಿಜ. ಆದರೆ ಅಲ್ಲಿ ವಕ್ತೃವಿನ ಹೆಸರು ಬೇರೆಯಿದೆ. ರ‍್ಯಾಪಿನಲ್ಲಿ ಕವಿಯು ತನ್ನ ಹೆಸರನ್ನೇ ಹೇಳಿಕೊಂಡು, ತನ್ನ ಬೀದಿಯ ಹೆಸರನ್ನೇ ಹೇಳಿ, ತಾನು ಹೇಳುವುದೆಲ್ಲ ನಡೆದುದೆಂದು ಆಣೆಯಿಡುವನು. ಹೀಗಿರಲು ಅವನನ್ನು ಕವಿನಿಬದ್ಧವಕ್ತೃವೆನ್ನುವುದು ಹೇಗೆ?

ಆಕ್ಷೇಪವು ಬಲವಾದುದೇ. ಇದಕ್ಕೆ ಈ ಲೇಖಕನು ಕಂಡುಕೊಂಡ ಸಮಾಧಾನವು ಹೀಗಿದೆ. ಮೊದಲನೆಯದಾಗಿ, ಬಹುಮಂದಿ ರ‍್ಯಾಪ್ ಕವಿಗಳು ಹಾಡುವುದು ತಂದೆತಾಯಿಗಳಿಟ್ಟ ಹೆಸರಿನಿಂದಲ್ಲ, ತಾವು ಧರಿಸಿಕೊಂಡ ಹೆಸರಿನಿಂದ. ಆ ಹೆಸರೇ ವೇಷ, ವೇಷವಿದ್ದಲ್ಲಿ ಪಾತ್ರವಿದೆ. ಎರಡನೆಯದಾಗಿ, ನಿಜವೆಂದು ಆಣೆಯಿಡುವುದೇ ಈ ಪದ್ಯಜಾತಿಯ ಸಮಯವು. ಕವಿಸಮಯದಲ್ಲಿ ಚಕೋರವು ಬೆಳುದಿಂಗಳನ್ನು ಕುಡಿಯುವುದೆಂದರೆ ಅದನ್ನು ಪಕ್ಷಿಶಾಸ್ತ್ರವೆಂದು ಯಾರೂ ಓದುವುದಿಲ್ಲ. ಮೂರನೆಯದಾಗಿ, ಕೆಲವು ಪದ್ಯಗಳಲ್ಲಿ ನಡೆದ ಸಂಗತಿಯೇ ಇರಬಹುದು. ಇದ್ದರೆ ಅದು ಪ್ರಮಾಣಾಂತರದಿಂದ, ಎಂದರೆ ಬೇರೆ ಸಾಕ್ಷ್ಯದಿಂದ, ಸಿದ್ಧವಾಗಬೇಕು; ಪದ್ಯವೊಂದೇ ತನಗೆ ತಾನು ಪ್ರಮಾಣವಾಗಲಾರದು. ಈ ನಿಯಮವು ಎರಡು ಕಡೆಗೂ ಸಲ್ಲಬೇಕು. ಪೋಲೀಸರ ಮೇಲಿನ ದೂರನ್ನೂ ಪದ್ಯದಲ್ಲಿದೆಯೆಂದು ಮಾತ್ರ ನಂಬಬೇಕಾಗಿಲ್ಲ. ಆದರೆ ಪದ್ಯದಲ್ಲಿದೆಯೆಂದು ಮಾತ್ರ ತಳ್ಳಿಹಾಕಲೂ ಕೂಡದು. ವಿಚಾರಿಸಬೇಕು.

ಆ ದೇಶದ ಶಾಸನಗಳೂ ಈ ದಾರಿಗೆ ಮೆಲ್ಲನೆ ಬರುತ್ತಿವೆ. ೨೦೨೨ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತವು ಕಲಾಕೃತಿಗಳನ್ನು ಅಪರಾಧಕ್ಕೆ ಸಾಕ್ಷ್ಯವಾಗಿ ಬಳಸುವುದನ್ನು ನಿಯಂತ್ರಿಸುವ ಕಾನೂನನ್ನು ಮಾಡಿತು. ಆದರೆ ೨೦೨೩ರ ನವೆಂಬರಿನಲ್ಲಿ ಜಾರ್ಜಿಯಾ ಪ್ರಾಂತದ ನ್ಯಾಯಾಧೀಶನೊಬ್ಬನು ಯಂಗ್ ಥಗ್ ಎಂಬ ಹಾಡುಗಾರನ ವ್ಯವಹಾರದಲ್ಲಿ ಪದ್ಯಗಳನ್ನು ಷರತ್ತಿನ ಮೇಲೆ ಓದಗೊಟ್ಟನು. ವಾದವು ಮುಗಿದಿಲ್ಲ.

೯. ಉಪಸಂಹಾರ

ಕಾವ್ಯಗಳನ್ನು ವರ್ಜಿಸಬೇಕೆಂಬ ಸ್ಮೃತಿಯ ನಿಷೇಧವು ಅಸತ್ಕಾವ್ಯಕ್ಕೆ ಸಂಬಂಧಪಟ್ಟುದೆಂದು ಮಲ್ಲಿನಾಥಸೂರಿಯು ವ್ಯವಸ್ಥೆ ಮಾಡಿದನು. ಅವನು ಕಾವ್ಯಜಾತಿಯನ್ನೆಲ್ಲ ಒಮ್ಮೆಗೇ ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಒಂದೊಂದನ್ನೂ ಓದಿ ನೋಡಬೇಕೆಂಬುದೇ ಅದರ ಫಲಿತಾರ್ಥ. ರ‍್ಯಾಪಿನಲ್ಲಿ ಅಸತ್ಕಾವ್ಯವು ರಾಶಿಯಾಗಿದೆ. ಸತ್ಕಾವ್ಯವೂ ಇದೆ: ೨೦೧೮ರಲ್ಲಿ ಅದೇ ಕಾಂಪ್ಟನ್ ಊರಿನ ಕೆಂಡ್ರಿಕ್ ಲಮಾರನ ಸಂಪುಟಕ್ಕೆ ಸಂಗೀತದ ಪುಲಿಟ್ಜರ್ ಪ್ರಶಸ್ತಿಯು ಬಂದಿತು. ಶಾಸ್ತ್ರೀಯ ಸಂಗೀತಕ್ಕೂ ಜಾಜ್ ಸಂಗೀತಕ್ಕೂ ಹೊರಗಿನ ಕೃತಿಗೆ ಆ ಗೌರವವು ಸಂದುದು ಅದೇ ಮೊದಲು. ನಮ್ಮ ಬೆಂಗಳೂರಿನಲ್ಲಿಯೂ ಕನ್ನಡದಲ್ಲಿ ರ‍್ಯಾಪ್ ಕಟ್ಟುವ ತರುಣರಿದ್ದಾರೆ; ೨೦೨೪ರಲ್ಲಿ ಆ ಊರಿನಲ್ಲಿ ಬೆಳಕಿಗೆ ಬಂದ ಹನುಮಾನ್‌ಕೈಂಡ್ ಎಂಬ ಮಲೆಯಾಳಿ ಹಾಡುಗಾರನ ಇಂಗ್ಲಿಷ್ ಗೀತವು ಅಮೇರಿಕದ ಮಾರಾಟದ ಪಟ್ಟಿಯನ್ನೇ ಸೇರಿತು. ನಮ್ಮ ವಿದ್ಯಾರ್ಥಿಗಳು ಇವುಗಳನ್ನು ಕೇಳುತ್ತಿದ್ದಾರೆ. ನಾವು ಕೇಳದೆ ತೀರ್ಮಾನಿಸಿದರೆ ನಮ್ಮದೂ ಅರ್ಧಜರತೀಯವೇ.

ಪಾಠಕ್ಕೆ ಮರಳಿದಾಗ ಆ ವಿದ್ಯಾರ್ಥಿಗೆ ಈ ಲೇಖಕನು ಇಷ್ಟನ್ನು ಹೇಳಿದನು: ಕವಿಯ 'ನಾನು' ಯಾರೆಂದು ಕೇಳದೆ ಪದ್ಯವನ್ನು ಓದಬೇಡ; ಉತ್ತರವು ಸಿಕ್ಕುವ ಮುನ್ನ ಯಾರನ್ನೂ ದಂಡಿಸಬೇಡ. ಅವನು ಒಪ್ಪಿದಂತೆ ಕಂಡಿತು. ಆದರೆ ಕುಳಿತುಕೊಳ್ಳುವ ಮುನ್ನ, "ಗುರುಗಳೇ, ಆ ಮನುಷ್ಯನು ಸೆರೆಯಲ್ಲಿ ಕಳೆದ ವರ್ಷಗಳು?" ಎಂದನು. ಅದಕ್ಕೆ ಅಲಂಕಾರಶಾಸ್ತ್ರದಲ್ಲಿ ಸಮಾಧಾನವಿಲ್ಲ.